ಆಟಕ್ಕೆ ಹಾಕಿದ ದನಿ

ಅರಸೀಕೆರೆ
ಭಾನುವಾರ, 18-4-2004

ಪ್ರೀತಿಯ ಕೋಮಲ,

ಮೊದಲು ನಿನ್ನ ಆರೋಗ್ಯದ ವಿಷಯ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಬರುತ್ತಿದ್ದ ಸೀನು ಈಗ ಹೇಗಿದೆ? ಅದು ಇಲ್ಲಿಯ ಧೂಳಿಗೆ ಬರುತ್ತದೆ ಎಂದು ನಾನು, ನನ್ನ ಬೆಸುಗೆ ಹೊಗೆಗೆ ಬರುತ್ತದೆ ಎಂದು ನೀನು ವಾದ ಮಾಡುತ್ತಿದ್ದೆವಲ್ಲ, ತವರು ಕಣಕಟ್ಟೆಯಲ್ಲಿ ನಿಂತುಹೋಗಿದ್ದರೆ ನೀನೇ ಗೆದ್ದೆ ಎಂದು ಬರೆದುಕೊಡುತ್ತೇನೆ. ಅತ್ತೆಯ ಕಣ್ಣಿಗೆ ಆಪರೇಷನ್ ಆದ ಮೇಲೆ ಹೊಲಿಗೆಯ ಸೂಜಿಗೆ ದಾರ ಪೋಣಿಸುವಷ್ಟು ಕಾಣುತ್ತಿದೆಯೇ? ಮಾವನ ತೆಂಗಿಗೆ ಬಂದಿದ್ದ ನುಸಿ ಕಡಿಮೆಯಾಯಿತೇ? ನಿನ್ನ ತಮ್ಮ ಶಶಿಯ ಪರೀಕ್ಷೆ ಮುಗಿದಿರಬೇಕು. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ಫೋನ್ ಇರುವಾಗ ಇವನೇಕೆ ಕಾಗದ ಬರೆಯುತ್ತಾನೆ ಎಂದು ನಿನಗೆ ಅನ್ನಿಸಬಹುದು. ನಿಮ್ಮೂರಿನ ಗಿಡ್ಡಪ್ಪನ ಅಂಗಡಿಗೆ ಐದು ಸಲ ಫೋನ್ ಮಾಡಿದೆ. ನಾಲ್ಕು ಸಲ ನೀನು ಹೊಲಕ್ಕೆ ಹೋಗಿದ್ದೀಯ ಎಂದು ಉತ್ತರ ಬಂತು. ಮೂರನೆಯ ಸಲ ಹಿಂದೆ ನಿನ್ನ ಸೀನು ಕೇಳಿಸಿತು, ಆದರೂ ನಾನು ಸುಮ್ಮನೆ ಇಟ್ಟುಬಿಟ್ಟೆ. ಐದನೆಯ ಸಲ ಗಿಡ್ಡಪ್ಪನೇ ಕರುಣೆಯಿಂದ, "ಅಳಿಯಂದ್ರೇ, ಸುಮ್ನೆ ಯಾಕ್ ಒದ್ದಾಡ್ತೀರಿ, ಒಂದ್ ಕಾಗ್ದ ಹಾಕಿ" ಎಂದ. ಹಾಗಾಗಿ ಹಾಕುತ್ತಿದ್ದೇನೆ.

ಮನೆಯ ಸಮಾಚಾರ ಹೇಳುವಷ್ಟೇನೂ ಇಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹೋಟೆಲಿನ ಊಟ, ಸಂಜೆ ಬೆಳಗಿನದೇ ಉಪ್ಪಿಟ್ಟು. ಮುದ್ದೆ ಮಾಡಲು ಎರಡು ಸಲ ಪ್ರಯತ್ನಿಸಿದೆ. ಮೊದಲನೆಯದು ಗಂಜಿಯಾಯಿತು, ಎರಡನೆಯದನ್ನು ಕಾಂತಮ್ಮನವರ ಹಸುವಿಗೆ ಹಾಕಿದೆ, ಅದೂ ಮೂಸಿ ನೋಡಿ ಹೋಯಿತು. ಕಾಂತಮ್ಮನವರು ಮನೆಯ ಓನರ್ ಎಂಬ ಗತ್ತು ಬಿಟ್ಟು ಯುಗಾದಿಯ ದಿನ ಹೋಳಿಗೆ ತಂದುಕೊಟ್ಟರು. ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಇನ್ನೂ ಬಂದಿಲ್ವೇನಪ್ಪಾ" ಎಂದರು. ಅವರು ದಿನಾ ಕೇಳುವ ಮಾತೇ ಅದು. ಆದರೆ ಹಬ್ಬದ ದಿನ ಕೈಯಲ್ಲಿ ಹೋಳಿಗೆ ಹಿಡಿದು ಕೇಳಿದ್ದಕ್ಕೋ ಏನೋ, ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿಬಿಟ್ಟೆ. ಊರಲ್ಲಿ ಎಲೆಕ್ಷನ್ ಗಲಾಟೆ ಜೋರಾಗಿದೆ, ಆಟೋಗಳು ಮೈಕು ಕಟ್ಟಿಕೊಂಡು ಬೆಳಿಗ್ಗೆಯಿಂದ ಸುತ್ತುತ್ತಿವೆ. ಮೊದಲಾದರೆ ರೆಕಾರ್ಡಿಂಗ್ ಹಾಳಾಯಿತೆಂದು ಬೈಯುತ್ತಿದ್ದೆ. ಈಗ ಆಟೋ ಬೀದಿ ದಾಟಿ ಹೋದ ಮೇಲೆ ಮನೆ ಎಷ್ಟು ಖಾಲಿ ಇದೆ ಎಂದು ಗೊತ್ತಾಗುತ್ತದೆ. ರೈಲು ಬರುವ ಹೊತ್ತಿಗೆ ಅಡುಗೆಮನೆಯ ತಟ್ಟೆಗಳು ಅಲುಗಾಡಿ ಸದ್ದು ಮಾಡುತ್ತವಲ್ಲ, ನೀನು ಕೈ ಚಾಚಿ ಒಂದು ತಟ್ಟೆ ಹಿಡಿದುಕೊಳ್ಳುತ್ತಿದ್ದೆ. ಈಗ ಹಿಡಿಯುವವರಿಲ್ಲದೆ ರೈಲು ಪೂರ್ತಿ ದಾಟುವವರೆಗೂ ಬಡಿದುಕೊಳ್ಳುತ್ತವೆ. ಬೇಜಾರು ಕೋಮಲ. ಸುತ್ತುಬಳಸಿ ಹೇಳಲು ಬರುವುದಿಲ್ಲ, ತುಂಬಾ ಬೇಜಾರು.

ಮಾವ ಹೋದ ತಿಂಗಳು ಸಂತೆಗೆ ಬಂದಾಗ ಅಂಗಡಿಯ ಹತ್ತಿರ ಬಂದಿದ್ದರು. ನಿನಗೆ ಹೇಳಿದರೋ ಇಲ್ಲವೋ. ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಮಳೆ ಬೆಳೆ ಮಾತಾಡಿ, ಏಳುವಾಗ, "ಅಲ್ಲಾ ಬೀರೇಶ, ಆಟಕ್ಕೆ ಹೆಂಡ್ತಿ ದನಿ ಹಾಕೋದು ಅಂದ್ರೆ ಏನಪ್ಪ ಅದು, ನಂಗ್ ಒಂದೂ ತಿಳೀತಿಲ್ಲ" ಎಂದರು. ನಿಮ್ಮಪ್ಪ ಜವರಣ್ಣನವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಅದು ಮೊದಲು. ನನಗೂ ವಿವರಿಸಲಾಗದೆ ಚಹಾ ತರಿಸಿದೆ. ಆದ್ದರಿಂದ ಈಗ ಮೊದಲಿಂದ ಬರೆಯುತ್ತೇನೆ, ಅವರಿಗೂ ನೀನೇ ತಿಳಿಸು. ನಿನಗೂ ನಾನು ಇದನ್ನು ಒಮ್ಮೆಯೂ ಕೂರಿಸಿಕೊಂಡು ಹೇಳಿದವನಲ್ಲ.

ನಾನು ಅಂಗಡಿಯಲ್ಲಿ ರೇಡಿಯೋ ಟೇಪ್‌ರೆಕಾರ್ಡರ್ ರಿಪೇರಿ ಬಿಟ್ಟು ಕಂಪ್ಯೂಟರ್ ರಿಪೇರಿಗೆ ಇಳಿದ ವರ್ಷ, ಯಾರೋ ಬಿಟ್ಟುಹೋದ ಯಂತ್ರದಲ್ಲಿ ಒಂದು ಬಂದೂಕಿನ ಆಟವಿತ್ತು. ಆಗಲೇ ಹಳೆಯದು. ಕತ್ತಲೆಯ ಕೋಟೆಯೊಳಗೆ ನೀನು ಬಂದೂಕು ಹಿಡಿದು ನಡೆಯುತ್ತೀಯ, ಮೂಲೆಮೂಲೆಯಿಂದ ರಾಕ್ಷಸರು ಬರುತ್ತಾರೆ, ಅವರನ್ನು ಹೊಡೆಯಬೇಕು. ಅಷ್ಟೇ ಕಥೆ. ಚಿತ್ರಗಳು ಒರಟು, ಗೋಡೆಯ ಹತ್ತಿರ ಹೋದರೆ ಕಲ್ಲು ಕಾಣುವ ಬದಲು ಚೌಕ ಚೌಕದ ಬಣ್ಣ ಕಾಣುತ್ತದೆ. ಸದ್ದಂತೂ ತಗಡಿನ ಡಬ್ಬದೊಳಗೆ ಯಾರೋ ಕೆಮ್ಮಿದಂತೆ. ಆದರೂ ನನಗೆ ಅದು ಹಿಡಿಸಿಬಿಟ್ಟಿತು. ಆಮೇಲೆ ಮರಿಯಣ್ಣನ ಕಂಪ್ಯೂಟರ್ ಸೆಂಟರಿನಲ್ಲಿ ಇಂಟರ್‌ನೆಟ್ ಬಂದಾಗ ಗೊತ್ತಾಯಿತು, ಈ ಆಟದ ಹುಚ್ಚರ ಸಂಘವೇ ಇದೆ ಎಂದು. ಮಾಡಿದ ಕಂಪನಿಯವರು ಆಟದ ಒಳಗಿನದನ್ನೆಲ್ಲಾ ಬಿಚ್ಚಿ ಜನರಿಗೆ ಕೊಟ್ಟಿದ್ದಾರೆ. ಪೋಲೆಂಡಿನವನೊಬ್ಬ ಹೊಸ ಆಕಾಶ ಬರೆಯುತ್ತಾನೆ, ಬ್ರೆಜಿಲ್‌ನವನೊಬ್ಬ ಬೆಂಕಿಗೆ ಹೊಸ ಹೊಳಪು ಕೊಡುತ್ತಾನೆ, ಫಿನ್ಲೆಂಡಿನ ಅಂಚೆ ಇಲಾಖೆಯ ರಿಟೈರ್ಡ್ ಮುದುಕನೊಬ್ಬ ಬರೀ ಬಾಗಿಲುಗಳನ್ನು ಹೊಸದು ಮಾಡುತ್ತಾನೆ. ಯಾರಿಗೂ ಇದರಿಂದ ಏನೂ ಸಿಗುವುದಿಲ್ಲ. ಅಂಥ ಹತ್ತಿಪ್ಪತ್ತು ಜನರಲ್ಲಿ ನಾನೂ ಒಬ್ಬನಾದೆ. ಅವರಿಗೆ ನನ್ನ ಹೆಸರು ಬೀರೇಶ್ ಎಂದು ಗೊತ್ತಿಲ್ಲ, ಅರಸೀಕೆರೆ ಎಂದೇ ಕರೆಯುತ್ತಾರೆ. ಒಂದು ಊರಿನ ಹೆಸರಿನಿಂದ ಕರೆಸಿಕೊಳ್ಳುವುದು ನನಗೆ ಎಷ್ಟು ಹೆಮ್ಮೆ ಕೊಟ್ಟಿತೆಂದರೆ, ಮನೆಯಲ್ಲಿ ಹೆಸರು ಹಿಡಿಯದೆ "ರೀ" ಎನ್ನುವವಳ ಕಡೆ ತಿರುಗಿ ನೋಡುವುದು ಕಡಿಮೆಯಾಯಿತು.

ಕೋಟೆಯ ಗೋಡೆಗೆ ಕಲ್ಲು ಬೇಕಿತ್ತು. ಅದಕ್ಕೇ ಕಳೆದ ಡಿಸೆಂಬರಿನಲ್ಲಿ ನಿನ್ನನ್ನು ಹಳೇಬೀಡಿಗೆ ಕರೆದುಕೊಂಡು ಹೋದದ್ದು. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ, ಆಗ ಹೇಳಿರಲಿಲ್ಲ. ನೀನು ಮದುವೆಯ ವರ್ಷದ ನೇರಳೆ ಸೀರೆ ಉಟ್ಟು, ಚಿತ್ರಾನ್ನ ಕಟ್ಟಿಕೊಂಡು, ಆರು ವರ್ಷಕ್ಕೆ ಇವನಿಗೆ ಬುದ್ಧಿ ಬಂತು ಎಂದು ಹೊರಟಿದ್ದೆ. ನಾನು ವಿಗ್ರಹಗಳ ಕಡೆಗೆ ಮುಖ ಕೂಡ ಎತ್ತದೆ ಬರೀ ಬುಡದ ಕಲ್ಲು, ಹಿಂಬದಿಯ ಗೋಡೆ, ಪಾಚಿ ಹಿಡಿದ ಮೂಲೆ ಹುಡುಕಿಕೊಂಡು ಓಡಾಡಿದೆ. ಬಿಸಿಲು ಕಲ್ಲಿನ ಮೇಲೆ ಹೊಳೆದರೆ ಫೋಟೋ ಕೆಡುತ್ತದೆಂದು ನಿನ್ನ ಕೈಗೆ ಕೊಡೆ ಕೊಟ್ಟು ಗೋಡೆಗೆ ನೆರಳು ಹಿಡಿಸಿದೆ. ಎರಡು ಗಂಟೆ ಹಿಡಿದೆ ನೀನು. ಬಂದಿದ್ದ ಟೂರಿಸ್ಟ್ ಹೆಂಗಸರು ಗಂಡಂದಿರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಗೋಡೆಗೆ ಕೊಡೆ ಹಿಡಿದವಳು ನೀನೊಬ್ಬಳೇ. ಮೂವತ್ತಾರು ಫೋಟೋಗಳಲ್ಲಿ ನೀನು ಇರುವುದು ಒಂದರಲ್ಲಿ ಮಾತ್ರ, ಅದೂ ಮೊಣಕೈ ಮತ್ತು ಎರಡು ಬಳೆ. ಸ್ಕ್ಯಾನ್ ಮಾಡಿಸುವಾಗ ಸ್ಟುಡಿಯೋದವನು ಇದು ಕೆಟ್ಟಿದೆ, ಬಿಸಾಕಲೇ ಎಂದ. ಕತ್ತರಿಸಿ ಕಲ್ಲಿನ ಭಾಗ ಉಳಿಸು ಎಂದೆ. ಆ ಗೋಡೆಗಳು ಸಂಘದಲ್ಲಿ ದೊಡ್ಡ ಹೆಸರು ಮಾಡಿದವು, ಎಂಟು ನೂರು ವರ್ಷದ ನಿಜವಾದ ಕಲ್ಲು ಎಂದು ಎಲ್ಲರೂ ಕೊಂಡಾಡಿದರು. ನಾನೂ ಉಬ್ಬಿಹೋದೆ.

ಸದ್ದುಗಳ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಚಿತ್ರ ಯಾರಾದರೂ ಮಾಡಬಹುದು, ಸದ್ದು ನನ್ನ ವಿದ್ಯೆ. ಬಂದೂಕಿನ ಸದ್ದಿಗೆ ಅಂಗಡಿಯ ಶಟರನ್ನು ಒದ್ದೆ. ಹೆಜ್ಜೆಗೆ ಕೊಬ್ಬರಿ ಮಂಡಿಯ ಸಿಪ್ಪೆಯ ರಾಶಿಯ ಮೇಲೆ ನಡೆದೆ. ಕೋಟೆಯ ಬಾಗಿಲಿನ ಉಸಿರಿಗೆ ನಿನ್ನ ಕುಕ್ಕರ್. ನೀರಿಗೆ ಹಳೇಬೀಡಿನ ಕೆರೆ. ಎಲ್ಲವನ್ನೂ ಕ್ಯಾಸೆಟ್ಟಿಗೆ ಹಿಡಿದು, ನಾನೇ ಬೆಸೆದ ವೈರಿನಿಂದ ಕಂಪ್ಯೂಟರಿಗೆ ಇಳಿಸಿ, ಬೇಡದ ಸದ್ದನ್ನು ಕತ್ತರಿಸಿ, ಬೇಕಾದ್ದನ್ನು ಮಾತ್ರ ಆಟಕ್ಕೆ ಸೇರಿಸುತ್ತಿದ್ದೆ. ರಾಕ್ಷಸ ನಮ್ಮನ್ನು ಕಂಡ ಕೂಡಲೇ ಕೂಗುವ ಕೂಗು ಮಾತ್ರ ಸಿಗಲಿಲ್ಲ. ನಾನೇ ಕೂಗಿ ನೋಡಿದೆ, ನೆಗಡಿಯಾದ ಮೇಷ್ಟರಂತಿತ್ತು. ಕಳೆದ ಬೇಸಿಗೆಯಲ್ಲಿ ನೀನು ಅಂಗಳದಲ್ಲಿ ಮಂಚದ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದೆಯಲ್ಲ, ಕಾಂತಮ್ಮನವರ ಹಸು ಬಂದು ಬಾಯಿ ಹಾಕಿತು. ನಾನು ಕಿಟಕಿಯಲ್ಲಿ ಗುಬ್ಬಿಗಳ ಸದ್ದಿಗೆ ಮೈಕು ಇಟ್ಟಿದ್ದೆ. ನೀನು ಒಳಗಿನಿಂದ ಓಡಿಬಂದು, "ಬಂದ್ಯಾ ಮತ್ತೆ, ನಿನ್ ಮನೆ ಹಾಳಾಗ" ಎಂದೆಯಲ್ಲ, ಅದೇ. ಆ ಹಸುವಿನ ಮನೆಯಲ್ಲೇ ನಾವೂ ಬಾಡಿಗೆಗಿದ್ದೇವೆ ಎಂಬುದು ನಿನಗೆ ನೆನಪಿರಲಿಲ್ಲ. ಅಂಥ ಕೂಗು ನಾನು ಯಾವ ಆಟದಲ್ಲೂ ಕೇಳಿರಲಿಲ್ಲ. ಏನನ್ನೂ ಬದಲಾಯಿಸದೆ ಹಾಗೇ ಹಾಕಿದೆ. ನಿನ್ನನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಕುಕ್ಕರನ್ನು ಕೇಳಿದ್ದೆನೇ, ಶಟರನ್ನು ಕೇಳಿದ್ದೆನೇ, ನಿನ್ನದನ್ನೂ ಅವುಗಳ ಜೊತೆ ಸೇರಿಸಿದ್ದೆ.

ಮುಂದಿನದು ನಿನಗೇ ಗೊತ್ತು, ಆದರೂ ಬರೆಯಬೇಕು. ಜನವರಿಯಲ್ಲಿ ಎಲ್ಲಾ ಸೇರಿಸಿ ಸಂಘಕ್ಕೆ ಕಳಿಸಿದೆ. ಮರಿಯಣ್ಣ ತನ್ನ ಸೆಂಟರಿನ ನಾಲ್ಕು ಕಂಪ್ಯೂಟರಿಗೂ ಹಾಕಿಸಿಕೊಂಡ. ಕಾಲೇಜು ಬಿಟ್ಟ ಹುಡುಗರೆಲ್ಲಾ ಅಲ್ಲೇ. ನಾಲ್ಕು ಯಂತ್ರದಿಂದಲೂ ನಿನ್ನ ಕೂಗು ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತು, ಬಸ್ಸಿಗೆ ಕಾದವರು ತಿರುಗಿ ನೋಡುತ್ತಿದ್ದರು. ಶಶಿ ಸ್ನೇಹಿತರ ಜೊತೆ ಅಲ್ಲಿಗೆ ಹೋದವನು ಅಕ್ಕನ ದನಿಯನ್ನು ಮೊದಲ ಸಲಕ್ಕೇ ಗುರುತು ಹಿಡಿದು ಎದ್ದು ಬಂದನಂತೆ. ನನ್ನ ಹತ್ತಿರ ಬಂದು, "ಭಾವ, ಅದನ್ನ ತೆಗ್ಸಿ" ಎಂದಷ್ಟೇ ಹೇಳಿದ. ತೆಗೆಸಲಿಲ್ಲ. ಶಿವರಾತ್ರಿ ಕಳೆದ ವಾರ ನೀನು ತರಕಾರಿಗೆ ಹೋದಾಗ ಹುಡುಗರು ಹಿಂದಿನಿಂದ ಅದನ್ನೇ ಕೂಗಿದರು. ಬದನೆಕಾಯಿ ತೂಗುತ್ತಿದ್ದವಳೂ ನಕ್ಕಳಂತೆ. ಚೀಲ ಅಲ್ಲೇ ಬಿಟ್ಟು ಮನೆಗೆ ಬಂದು ನಿಂತವಳಿಗೆ ನಾನು ಹೇಳಿದ್ದೇನು? ವಿದೇಶದವರಿಗೂ ಇದು ಇಷ್ಟವಾಗಿದೆ, ಪೋಲೆಂಡಿನವನು ಅರ್ಥ ಕೇಳಿ ಬರೆದಿದ್ದಾನೆ ಎಂದೆ, ನಗುತ್ತಾ. ನೀನು ಅಳಲಿಲ್ಲ. "ಊರಿಗೆಲ್ಲಾ ನನ್ ದನಿ ಕೇಳ್ಸಿದ್ರಿ, ನೀವ್ ಯಾವತ್ತಾದ್ರೂ ಕೇಳುಸ್ಕಂಡಿದ್ರಾ" ಎಂದೆ. ಮಾರನೆಯ ಬೆಳಿಗ್ಗೆ ಕಣಕಟ್ಟೆ ಬಸ್ಸು ಹತ್ತಿದೆ. ಇವತ್ತಿಗೆ ಐವತ್ತನಾಲ್ಕು ದಿನ.

ಮೊದಲ ಹದಿನೈದು ದಿನ ನನಗೆ ಸಿಟ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ. ಹಸುವಿಗೆ ಬೈದದ್ದು ಯಾರೋ ಕೇಳಿದರೆ ಇಷ್ಟು ದೊಡ್ಡ ವಿಷಯವೇ, ಇದಕ್ಕೆ ತವರಿಗೆ ಹೋಗುವುದೇ ಎಂದು ಗೋಡೆಗೆ ಹೇಳಿಕೊಂಡು ತಿರುಗಿದೆ. ಅಂಗಡಿಗೆ ಬಂದವರ ಎದುರಿಗೆ ನಿನ್ನನ್ನೇ ತಪ್ಪಿತಸ್ಥೆ ಮಾಡಿ ಮಾತಾಡಿದ್ದೂ ಉಂಟು. ಯುಗಾದಿ ಕಳೆದ ಮೇಲೆ ಸಿಟ್ಟು ಉಳಿಯಲಿಲ್ಲ. ಹೋಳಿಗೆಯನ್ನು ಒಬ್ಬನೇ ತಿಂದು ನೋಡು, ಆಗ ಗೊತ್ತಾಗುತ್ತದೆ. ಮಾರನೆಯ ದಿನವೇ ಸಂಘಕ್ಕೆ ಬರೆದೆ: ಆ ಕೂಗು ನನ್ನ ಹೆಂಡತಿಯದು, ಅವಳನ್ನು ಕೇಳದೆ ಹಾಕಿದ್ದೇನೆ, ದಯವಿಟ್ಟು ಎಲ್ಲರೂ ತೆಗೆದುಹಾಕಿ, ಬೇರೆಯದು ಕಳಿಸುತ್ತೇನೆ ಎಂದು. ನನ್ನ ಇಂಗ್ಲಿಷ್ ನಿನಗೆ ಗೊತ್ತಿದೆ, ಅಷ್ಟು ಬರೆಯಲು ಅರ್ಧ ದಿನ ಹಿಡಿಯಿತು. ಒಬ್ಬೊಬ್ಬರೇ ತೆಗೆದೆವು ಎಂದು ಬರೆದರು. ಬಾಗಿಲು ಮಾಡುವ ಮುದುಕ, ತೆಗೆದಿದ್ದೇನೆ, ಆಕೆಗೆ ತಿಳಿಸು ಎಂದು ಬರೆದಿದ್ದಾನೆ. ತಿಳಿಸಿದ್ದೇನೆ. ಮರಿಯಣ್ಣನ ಸೆಂಟರಿಗೆ ನಾನೇ ಹೋಗಿ ನಾಲ್ಕು ಯಂತ್ರದಲ್ಲೂ ಅಳಿಸಿದೆ. ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು. ನನ್ನ ಹೆಂಡತಿಯನ್ನು ಬೀದಿಯಲ್ಲಿ ಹಂಗಿಸಲು ಸಾಮಾನು ಒದಗಿಸಿಕೊಟ್ಟವನು ನಾನೇ, ಇನ್ನು ಮೇಲೆ ಕೂಗುವುದಿದ್ದರೆ ನನ್ನ ಹೆಸರು ಕೂಗಿ ಎಂದು ಎಲ್ಲರ ಎದುರಿಗೇ ಹೇಳಿದೆ. ಯಾರೂ ನಗಲಿಲ್ಲ. ಅಲ್ಲಿಂದ ಹೊರಬಂದಾಗ ಇನ್ನೇನು ನೀನು ಬಂದುಬಿಡುತ್ತೀಯ ಎಂದುಕೊಂಡೆ.

ಆಮೇಲೆ ರಾಕ್ಷಸನಿಗೆ ಬೇರೆ ದನಿ ಬೇಕಲ್ಲ, ಅದಕ್ಕೆ ಹಳೆಯ ಕ್ಯಾಸೆಟ್ಟುಗಳನ್ನು ತೆಗೆದೆ. ಅವು ಕತ್ತರಿಸುವ ಮುಂಚಿನವು, ಮೊದಲಿಂದ ಕೊನೆಯವರೆಗೆ ಪೂರ್ತಿ ಇರುವಂಥವು. ನಾನು ಯಾವಾಗಲೂ ಬೇಕಾದ ಜಾಗಕ್ಕೆ ಓಡಿಸಿ ಅಷ್ಟನ್ನೇ ಇಳಿಸಿಕೊಳ್ಳುತ್ತಿದ್ದವನು. ಈ ಸಲ ಕೆಲಸವಿಲ್ಲದ ಮಧ್ಯಾಹ್ನ, ಹೆಡ್‌ಫೋನ್ ಹಾಕಿಕೊಂಡು, ಹಸುವಿನ ಕ್ಯಾಸೆಟ್ಟನ್ನು ಹಾಗೇ ಓಡಲು ಬಿಟ್ಟೆ. ನೀನು ಕೂಗುತ್ತೀಯ, ಹಸು ಹೋಗುತ್ತದೆ, ನಿನ್ನ ಹೆಜ್ಜೆ ಕಿಟಕಿಯ ಹತ್ತಿರ ಬರುತ್ತದೆ. ಆಮೇಲೆ ಮೆಲ್ಲಗೆ, ಕೂಗಿದವಳು ಇವಳೇನಾ ಎನ್ನುವಷ್ಟು ಮೆಲ್ಲಗೆ, "ನನ್ ರಿಪೋರ್ಟೆಲ್ಲಾ ಸರಿ ಐತಂತೆ ಕಣ್ರೀ. ನಿಮ್ಮುನ್ನೂ ಒಂದ್ಸಲ ಕರ್ಕಂಬಾ ಅಂದ್ರು ಡಾಕ್ಟ್ರಮ್ಮ" ಎನ್ನುತ್ತೀಯ. ನಾನು "ಶ್" ಎನ್ನುತ್ತೇನೆ. ಗುಬ್ಬಿಗಳ ಸದ್ದು.

ಎದ್ದು ನೀರು ಕುಡಿದು ಬಂದು ಕುಕ್ಕರಿನ ಕ್ಯಾಸೆಟ್ಟು ಹಾಕಿದೆ. ಅದು ಮಳೆಗಾಲದ್ದು. ಮೂರನೆಯ ಸೀಟಿಗೂ ನಾಲ್ಕನೆಯ ಸೀಟಿಗೂ ನಡುವೆ, ಗುರುವಾರ ಹಾಸನಕ್ಕೆ ಹೋಗೋಣವೇ, ಗುರುವಾರ ಡಾಕ್ಟರಮ್ಮ ಸಂಜೆಯವರೆಗೂ ಇರುತ್ತಾರೆ ಎಂದು ಕೇಳುತ್ತೀಯ. ಇಬ್ಬರೂ ಬರಬೇಕಂತೆ ಎಂದು ಎರಡು ಸಲ ಹೇಳುತ್ತೀಯ. ನನ್ನ ದನಿಯೇ ಇಲ್ಲ. ಬೇರೆ ಯಾರಾದರೂ ಕೇಳಿದರೆ ಆ ಮನೆಯಲ್ಲಿ ಇವಳೊಬ್ಬಳೇ ಇದ್ದಾಳೆ, ತನಗೆ ತಾನೇ ಮಾತಾಡಿಕೊಳ್ಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಕೊನೆಗೆ ಹಳೇಬೀಡಿನ ಕೆರೆಯ ಕ್ಯಾಸೆಟ್ಟು. ನೀರು ಕಲ್ಲಿಗೆ ಬಡಿಯುತ್ತಿದೆ, ನೀನು ಬ್ಯಾಗಿನ ಜಿಪ್ಪು ಎಳೆದ ಸದ್ದಾಗುತ್ತದೆ. "ಇಲ್ಲಿಂದ ಹಾಸನಕ್ಕೆ ಒಂದೇ ಗಂಟೆಯಂತೆ. ರಿಪೋರ್ಟ್ ತಂದಿವ್ನಿ. ಹೋಗ್ಬಿಟ್ ಬರಣ್ವಾ." ಆಗ ನಾನು, "ಸ್ವಲ್ಪ ಸುಮ್ನಿರೇ, ನೀರಿನ ಸದ್ದು ಕೆಡ್ತೈತೆ" ಎನ್ನುತ್ತೇನೆ. ಆಮೇಲೆ ಆರು ನಿಮಿಷ ಬರೀ ನೀರು. ಬಹಳ ಒಳ್ಳೆಯ ರೆಕಾರ್ಡಿಂಗ್, ಸಂಘದವರೆಲ್ಲಾ ಹೊಗಳಿದ್ದು ಅದನ್ನೇ. ನೀನು ಆ ನೇರಳೆ ಸೀರೆ ಉಟ್ಟು, ರಿಪೋರ್ಟು ಬ್ಯಾಗಿನಲ್ಲಿ ಇಟ್ಟುಕೊಂಡು, ಎರಡು ಗಂಟೆ ಗೋಡೆಗೆ ಕೊಡೆ ಹಿಡಿದಿದ್ದೆ ಎಂದು ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಅದಾದ ಮೇಲಿನ ಕ್ಯಾಸೆಟ್ಟುಗಳನ್ನೂ ಪೂರ್ತಿ ಕೇಳಿದೆ. ಒಂದರಲ್ಲೂ ನೀನು ನನ್ನನ್ನು ಏನನ್ನೂ ಕೇಳಿಲ್ಲ. ಪಾತ್ರೆಯ ಸದ್ದಿದೆ, ಕಸಬರಿಕೆಯ ಸದ್ದಿದೆ, ನಿನ್ನ ಸೀನು ಇದೆ.

ನಾನು ಊರಿಗೆಲ್ಲಾ ಸದ್ದು ಕೇಳಿಸುವವನು, ದೂರದ ಲಾರಿಯ ಹಾರ್ನ್ ಕೇಳಿ ಯಾವ ಕಂಪನಿಯದು ಎನ್ನುವವನು. ಇದನ್ನು ಕೇಳಿಸಿಕೊಳ್ಳಲಿಲ್ಲ ಎಂದರೆ ನೀನು ನಂಬಬೇಡ. ಕೇಳಿಸಿತ್ತು. ಮೂರು ಸಲವೂ ಕೇಳಿಸಿತ್ತು. ಹೆದರಿಕೆ ಕೋಮಲ. ಗಂಡಸಿಗೆಂಥ ಪರೀಕ್ಷೆ ಎಂದು ಮೀಸೆಯ ಮೇಲೆ ಕೈ ಹಾಕಿಕೊಂಡು ಒಳಗೊಳಗೇ ಹೆದರಿದ್ದೆ. ನಮ್ಮಮ್ಮ ನಮ್ಮೂರು ಗಂಡಸಿಯಿಂದ ಬಂದಾಗಲೆಲ್ಲಾ ನಿನ್ನ ಹೊಟ್ಟೆಯ ಕಡೆಗೇ ನೋಡುತ್ತಾ ಕಾಫಿ ಕುಡಿಯುತ್ತಿದ್ದಳು. ಹನ್ನೆರಡು ಸೋಮವಾರ ಉಪವಾಸ ಮಾಡಿಸಿದಳು. ಮಾಲೇಕಲ್ಲು ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿಸಿದಳು, ಅದೂ ಮಟಮಟ ಮಧ್ಯಾಹ್ನ. ಮರಕ್ಕೆ ತೊಟ್ಟಿಲು ಕಟ್ಟಿಸಿದಳು. ನಾನು ಪ್ರತಿ ಸಲವೂ ಜೊತೆಯಲ್ಲಿದ್ದೆ, ಚಪ್ಪಲಿ ಕಾಯುತ್ತಾ. ನಿನ್ನ ರಿಪೋರ್ಟು ಸರಿಯಿದೆ ಎಂದು ಒಂದು ಮಾತು ಅವಳಿಗೆ ಹೇಳಿದ್ದರೆ ಸಾಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ ನನ್ನ ಕಡೆ ಬರುತ್ತದಲ್ಲ, ಅದಕ್ಕೆ ಸುಮ್ಮನಿದ್ದೆ. ತಪ್ಪು ನಿನ್ನ ಮೇಲೆ ಇದ್ದಷ್ಟು ದಿನ ನಾನು ಆರಾಮಾಗಿ ಗೋಡೆಗೆ ಕಲ್ಲು ಅಂಟಿಸಿಕೊಂಡಿದ್ದೆ. ಇದಕ್ಕಿಂತ ಕೆಟ್ಟದಾಗಿ ನನ್ನನ್ನು ನೀನೂ ಬೈಯಲಾರೆ. ಆದರೂ ಬೈಯುವುದಿದ್ದರೆ ಬಂದು ಬೈಯಿ, ಮೈಕು ಇರುವುದಿಲ್ಲ.

ರಾಕ್ಷಸನಿಗೆ ಏನು ಹಾಕಿದೆ ಎಂದು ಶಶಿ ಕೇಳಬಹುದು. ಪಕ್ಕದ ಬೀದಿಯ ಕೆಂಚಯ್ಯನ ಎಮ್ಮೆಯ ಕೂಗನ್ನು ನಿಧಾನ ಮಾಡಿ ಹಾಕಿದೆ. ಕೆಂಚಯ್ಯನನ್ನು ಕೇಳಿ, ಅವನು ಎಮ್ಮೆಯ ಪರವಾಗಿ ಒಪ್ಪಿದ ಮೇಲೆಯೇ ಹಾಕಿದ್ದು. ಹೊಸ ಪ್ರತಿ ಕಳಿಸಿಕೊಟ್ಟು ಸಂಘದವರಿಗೆ ಸ್ವಲ್ಪ ದಿನ ಬರುವುದಿಲ್ಲ ಎಂದು ಬರೆದಿದ್ದೇನೆ. ಆಟವನ್ನು ಪೂರ್ತಿ ಬಿಟ್ಟೆ ಎಂದು ಭಾಷೆ ಕೊಡುವುದಿಲ್ಲ, ಕೊಟ್ಟರೆ ನೀನು ನಂಬುವುದೂ ಇಲ್ಲ. ಅದರಲ್ಲಿ ನನಗೆ ನಿಜವಾದ ಸಂತೋಷವಿದೆ. ಆದರೆ ಈ ವಾರ ಒಂದು ದಿನವೂ ಯಂತ್ರ ಹಾಕುವ ಮನಸ್ಸಾಗಲಿಲ್ಲ. ಹಾಸನದ ವಿಷಯ ಬರೆಯಬೇಕು ಎಂದೇ ಈ ಕಾಗದಕ್ಕೆ ಕೂತದ್ದು. ಬೆಳಿಗ್ಗೆಯಿಂದ ಆರು ಹಾಳೆ ತುಂಬಿಸಿದರೂ ಕೈ ಅಲ್ಲಿಗೆ ಹೋಗುತ್ತಿಲ್ಲ. ಮಾತು ಬಂದಾಗ ಬೇರೆ ಕಡೆ ತಿರುಗುವುದು ನನಗೆ ಅಭ್ಯಾಸವಾಗಿಹೋಗಿದೆ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ. ಕಣ್ಣಿಗೆ ಹಾಕುವ ಔಷಧಿಯನ್ನು ಬಿಸಿಲಲ್ಲಿ ಇಡಬಾರದು ಎಂದು ಅತ್ತೆಗೆ ಹೇಳು. ಶಶಿಗೆ, ಭಾವ ಅವತ್ತೇ ನಿನ್ನ ಮಾತು ಕೇಳಬೇಕಿತ್ತು ಎಂದನೆಂದು ತಿಳಿಸು. ಗಿಡ್ಡಪ್ಪನಿಗೂ ಒಂದು ನಮಸ್ಕಾರ ಇರಲಿ. ನೀನು ಬಿಸಿಲಲ್ಲಿ ಓಡಾಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಬೀರೇಶ್

ಮ.ಬಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಹಾಸನಕ್ಕೆ ಹೋಗಿದ್ದೆ. ನಿನ್ನ ಡಾಕ್ಟರಮ್ಮನ ಹತ್ತಿರವೇ. ಏಪ್ರಿಲ್ ಒಂದರಂದು ಒಂದು ಸಲ, ಅವರು ಮತ್ತೆ ಬಾ ಎಂದದ್ದಕ್ಕೆ ಮೊನ್ನೆ ಗುರುವಾರ ಇನ್ನೊಂದು ಸಲ. ಎರಡು ಸಲವೂ ಒಂದೇ ಬಂತು. ಕೊರತೆ ನನ್ನದು. ನಿನ್ನದು ಏನೂ ಇಲ್ಲ, ಯಾವತ್ತೂ ಇರಲಿಲ್ಲ. ನನ್ನಿಂದ ಮಗು ಆಗುವುದು ಬಹಳ ಕಷ್ಟ ಎಂದು ಅವರು ನೇರವಾಗಿ ಹೇಳಿದರು. ರಿಪೋರ್ಟು ಇದರ ಜೊತೆ ಇಟ್ಟಿದ್ದೇನೆ, ಯಾರಿಗೆ ಬೇಕಾದರೂ ತೋರಿಸು. ನಿನ್ನೆ ಗಂಡಸಿ ಊರಿಗೆ ಹೋಗಿ ಅಮ್ಮನಿಗೆ ನಾನೇ ಹೇಳಿದೆ. ಅವಳು, "ಆ ಹುಡ್ಗೀನ ಸುಮ್ ಸುಮ್ನೆ ಬೆಟ್ಟ ಹತ್ತಿಸ್ದೆನಲ್ಲೋ" ಎಂದಳು. ನಿನಗೆ ಇಪ್ಪತ್ತೆಂಟು ವರ್ಷ. ಇದನ್ನೆಲ್ಲಾ ತಿಳಿದು ನೀನು ಬರುವುದಿಲ್ಲ ಎಂದರೆ ನಾನು ಯಾರ ಬಾಯಿಂದಲೂ ನಿನ್ನ ಮೇಲೆ ಒಂದು ಮಾತು ಬರಲು ಬಿಡುವುದಿಲ್ಲ. ಬಾ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.